ವೀಲ್ ಸೆಕ್ಷನ್ನಿನ ಮರಿಸ್ವಾಮಿ

ಜೂನ್ 1, ಭಾನುವಾರ

ಈ ಪುಸ್ತಕ ಯೆಜ್ಡಿ ಮೋಟಾರು ಸೈಕಲ್ ಕಾರ್ಖಾನೆಯದು. ಬಾಗಿಲು ಹಾಕಿದ ವಾರ ವೀಲ್ ಸೆಕ್ಷನ್ನಿನ ಕಪಾಟಿನಲ್ಲಿ ಖಾಲಿ ಬಿದ್ದಿತ್ತು, ಚೀಲಕ್ಕೆ ಹಾಕಿಕೊಂಡು ಬಂದೆ. ಕದ್ದೆ ಅಂದರೂ ಸರಿಯೇ, ಇಪ್ಪತ್ತೊಂಬತ್ತು ವರ್ಷದಿಂದ ಯಾರೂ ಕೇಳಿಲ್ಲ. ಪ್ರತಿ ಪುಟದ ನೆತ್ತಿಯಲ್ಲಿ 'ಪಾಳಿ', 'ಕೆಲಸ', 'ಅಡಚಣೆ' ಎಂದು ಅಚ್ಚಾಗಿದೆ. ಇವತ್ತಿನ ಅಡಚಣೆಯನ್ನು ಯಾರ ಹತ್ತಿರವೂ ಹೇಳುವಂತಿಲ್ಲ. ಅದಕ್ಕೇ ಬೀರುವಿನಿಂದ ಇದನ್ನು ಈಚೆ ತೆಗೆದೆ.

ಆದದ್ದಿಷ್ಟು. ಬೆಳಿಗ್ಗೆ ದೋಸೆ ತಿನ್ನುತ್ತಿದ್ದಾಗ ಮಗಳು ಸಿಂಚನ ಫೋನು ಹಿಡಿದುಕೊಂಡು ಬಂದಳು.

"ಅಪ್ಪಾ, ಜುಲೈ ಹದಿಮೂರಕ್ಕೆ ಹಳೇ ಗಾಡಿಗಳ ಕೂಟ ಮಾಡ್ತಿದಾರೆ. ನಿಮ್ಮ ಕಾರ್ಖಾನೇಲಿ ಕೆಲಸ ಮಾಡಿದೋರಿಗೆಲ್ಲ ಸನ್ಮಾನ. ನಿಮ್ಮ ಹೆಸರು ಕೊಟ್ಬುಟ್ಟೆ."

"ಏನಂತ ಕೊಟ್ಟೆ?"

"ಮರಿಸ್ವಾಮಿ ಅಂತ, ಇನ್ನೇನಂತ? ತಮ್ಮ ಕೈಯಾರೆ ಮಾಡಿದ ಯೆಜ್ಡೀಲಿ ತಾವೇ ಬರ್ತಾರೆ, ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸ್ತಾರೆ ಅಂತ ಬರೆದಿದೀನಿ. ನಮ್ಮ ಸ್ಕೂಲಿನ ಒಂಬತ್ತನೇ ಕ್ಲಾಸಿನ ಮಕ್ಕಳೂ ಬರ್ತಿದಾರೆ."

ಗಾಡಿ ಹನ್ನೆರಡು ವರ್ಷದಿಂದ ಹಿತ್ತಲ ಶೀಟಿನ ಕೆಳಗೆ ನಿಂತಿದೆ. ಅದರ ಸೀಟಿನ ಮೇಲೆ ನನ್ನ ಹೆಂಡತಿ ಪುಟ್ಟತಾಯಿ ಹುಣಸೆಹಣ್ಣು ಒಣಗಿಸುತ್ತಾಳೆ. ಕಿಕ್ಕರು ಅಲ್ಲಾಡುವುದಿಲ್ಲ, ಎಂಜಿನ್ ಒಳಗೇ ಕಚ್ಚಿಕೊಂಡಿದೆ. ಅದಾದರೂ ಹೋಗಲಿ. ಆ ಗಾಡಿಯನ್ನು ನಾನು ಮಾಡಿಯೇ ಇಲ್ಲ.

ಕಾರ್ಖಾನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ನಾನು ವೀಲ್ ಸೆಕ್ಷನ್ನಿನವನು. ಚಕ್ರದ ನಡುವಿನ ಹಬ್ಬಿಗೆ ಮೂವತ್ತಾರು ಕಡ್ಡಿ ಪೋಣಿಸಿ, ರಿಮ್ಮಿಗೆ ಬಿಗಿದು, ಅಡ್ಡಾಟ ತೆಗೆದು ಮುಂದಿನವನ ಕಡೆ ಉರುಳಿಸುವುದು. ಹತ್ತು ವರ್ಷ ಅದನ್ನೇ ಮಾಡಿದೆ. ಎಂಜಿನ್ನನ್ನು ಊಟಕ್ಕೆ ಹೋಗುವಾಗ ದೂರದಿಂದ ನೋಡುತ್ತಿದ್ದೆ, ಅಷ್ಟೇ. ಸಿಂಚನ ಮೂರನೇ ಕ್ಲಾಸಿನಲ್ಲಿ 'ನಮ್ಮ ತಂದೆಯವರು ಮೋಟಾರು ಸೈಕಲ್ ತಯಾರಿಸುತ್ತಿದ್ದರು' ಎಂದು ಪ್ರಬಂಧ ಬರೆದು ತಂದು ತೋರಿಸಿದಳು. ಮಿಸ್ಸು ಕೆಂಪು ಶಾಯಿಯಲ್ಲಿ ನಕ್ಷತ್ರ ಹಾಕಿದ್ದರು. ನಕ್ಷತ್ರ ಬಿದ್ದ ಮೇಲೆ ತಿದ್ದುವುದು ಹೇಗೆ? ಈಗ ಅವಳೇ ಮಿಸ್ಸು. ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಹೇಳುವಾಗ ನಾನೂ ಪಾಠದಲ್ಲಿ ಬರುತ್ತೇನಂತೆ.

ನಲವತ್ತೆರಡು ದಿನ ಇದೆ.

ಜೂನ್ 2, ಸೋಮವಾರ

ಪಾಳಿ: ಬೆಳಗಿನದು. ಕೆಲಸ: ಹುಣಸೆಹಣ್ಣು ತೆರವು. ಅಡಚಣೆ: ಪುಟ್ಟತಾಯಿ.

"ಮೆಕ್ಯಾನಿಕ್ಕುನ್ನ ಕರೀರಿ, ಸುಮ್ಕೆ ಸೊಂಟ ನೋಯುಸ್ಕಬೇಡಿ" ಅಂದಳು.

"ಗಾಡಿ ಮಾಡ್ದೋನೇ ಮೆಕ್ಯಾನಿಕ್ಕುನ್ನ ಕರೆದ್ರೆ ಜನ ನಗಲ್ವಾ?"

ಅವಳು ನನ್ನ ಮುಖ ನೋಡಿ, ಹುಣಸೆಹಣ್ಣಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಜೂನ್ 8, ಭಾನುವಾರ

ಈ ವಾರ ಚೆನ್ನಾಗಿತ್ತು. ಎರಡು ಚಕ್ರವನ್ನೂ ಬಿಚ್ಚಿ, ಕಡ್ಡಿ ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ಉಜ್ಜಿ, ತುಕ್ಕು ಹಿಡಿದ ಹನ್ನೊಂದನ್ನು ಬದಲಾಯಿಸಿ ಮತ್ತೆ ಕಟ್ಟಿದೆ. ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಚಕ್ರ ತಿರುಗಿಸುತ್ತಾ ಕಡ್ಡಿ ತಟ್ಟಿದರೆ ಯಾವುದು ಸಡಿಲ, ಯಾವುದು ಬಿಗಿ ಎಂದು ಕಿವಿಗೇ ಗೊತ್ತಾಗುತ್ತದೆ. ಕೈ ಮರೆತಿಲ್ಲ. ರಿಮ್ಮಿನ ಒಳಗೆ ನಾನು ಆಗ ಹೊಡೆದಿದ್ದ ಸಣ್ಣ ಚುಕ್ಕಿ ಸಿಕ್ಕಿತು. ನಾವು ನಾವು ಕಟ್ಟಿದ ಚಕ್ರಕ್ಕೆ ಯಾರಿಗೂ ಕಾಣದ ಹಾಗೆ ಒಂದು ಗುರುತು ಹಾಕುತ್ತಿದ್ದೆವು. ಗಾಡಿ ಕೊಳ್ಳುವಾಗ ಡಿಪೋದಲ್ಲಿ ಅರ್ಧ ದಿನ ಹುಡುಕಿ, ನನ್ನ ಚುಕ್ಕಿ ಇರುವುದನ್ನೇ ಆರಿಸಿದ್ದೆ.

ಕಾರ್ಖಾನೆ ಹೋದ ಮೇಲೆ ಕಡಕೊಳದ ಒಂದು ಯೂನಿಟ್ಟಿನಲ್ಲಿ ಸ್ಟೋರು ನೋಡಿಕೊಂಡಿದ್ದೆ. ಹೋದ ಮಾರ್ಚಿನಲ್ಲಿ ರಿಟೈರಾದೆ. ಇಷ್ಟು ವರ್ಷದಲ್ಲಿ ಒಂದು ಚಕ್ರವನ್ನೂ ಮುಟ್ಟಲಿಲ್ಲವಲ್ಲ ಎಂದು ಇವತ್ತು ಹೊಟ್ಟೆ ಉರಿಯಿತು.

ಪುಟ್ಟತಾಯಿ ಮಜ್ಜಿಗೆ ತಂದಿಟ್ಟು, "ಅದೇ ಚಕ್ರ ಎಷ್ಟ್ ಸಲ ಕಟ್ಟೀರಿ? ನಡುವೆ ಏನೋ ಒಂದ್ ದಪ್ಪುಗೆ ಕುಂತದಲ್ಲ, ಅದುನ್ನೂ ಒಸಿ ನೋಡಿ" ಅಂದಳು. ಎಂಜಿನ್ನಿನ ವಿಷಯ.

ಜೂನ್ 12, ಗುರುವಾರ

ಎಂಜಿನ್ ಬಿಚ್ಚಿದೆ. ಸಿಂಚನ ಸ್ಕೂಲಿಗೆ ಹೋದ ಮೇಲೆ ಫೋನಿನಲ್ಲಿ ಒಬ್ಬ ಸರ್ದಾರ್ಜಿಯ ವಿಡಿಯೊ ಹಾಕಿಕೊಂಡು ಶುರು ಮಾಡುತ್ತೇನೆ. ಅವನ ಮಾತು ಅರ್ಧ ಅರ್ಥವಾಗುತ್ತದೆ, ಕೈ ಪೂರ್ತಿ ಅರ್ಥವಾಗುತ್ತದೆ. ಸಿಲಿಂಡರಿನೊಳಗೆ ಪಿಸ್ಟನ್ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಮೂರು ದಿನ ಡೀಸೆಲ್ ಸುರಿದು ನೆನೆಹಾಕಿ, ಮರದ ತುಂಡಿಟ್ಟು ಮೆಲ್ಲಗೆ ಬಡಿದೆ. ಇವತ್ತು ಬಿಟ್ಟುಕೊಟ್ಟಿತು.

ಬಿಟ್ಟುಕೊಂಡಾಗ ಪುಟ್ಟತಾಯಿಯನ್ನು ಕೂಗಿ ಕರೆದೆ. ಬಂದು ನೋಡಿ, "ಒಳ್ಳೆ ಒಳಕಲ್ಲಿನ ಗುಂಡು ಇದ್ದಂಗದೆ" ಅಂದಳು.

ಜೂನ್ 17, ಮಂಗಳವಾರ

ಒಂದು ಯೋಚನೆ ಬಂತು, ತಳ್ಳಿಹಾಕಿದೆ. ಎಂಜಿನ್ ಸೆಕ್ಷನ್ನಿನಲ್ಲಿದ್ದ ಒಬ್ಬ ಮನುಷ್ಯ ಸಿದ್ಧಾರ್ಥನಗರದಲ್ಲಿದ್ದಾನೆ. ಅವನನ್ನು ಕೇಳಿದರೆ ಕಣ್ಣು ಮುಚ್ಚಿಕೊಂಡು ಜೋಡಿಸಿ ಕೊಡುತ್ತಾನೆ. ಕೇಳುವುದಿಲ್ಲ. ಅವನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ.

ಮದುವೆಯಾದ ವರ್ಷ ಆಯುಧಪೂಜೆಗೆ ಪುಟ್ಟತಾಯಿಯನ್ನು ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದೆ. ಅವತ್ತು ಮನೆಯವರನ್ನೆಲ್ಲ ಒಳಗೆ ಬಿಡುತ್ತಿದ್ದರು. ಚೆಂಡುಹೂವು ಹಾಕಿ ನಿಲ್ಲಿಸಿದ್ದ ಹೊಸ ಗಾಡಿಯ ಮುಂದೆ ನಿಂತು, "ಇದು ನಾ ಮಾಡಿದ್ದು" ಅಂದೆ. ಹಿಂದಿನಿಂದ ಆ ಮನುಷ್ಯ ಬಂದ.

"ಅಮ್ಮಾ, ನಿಮ್ಮೆಜಮಾನ್ರು ಮಾಡಿದ್ದು ಆ ಎರಡು ಚಕ್ರ ಮಾತ್ರ ಕಣಮ್ಮ. ಎತ್ತಿನ ಗಾಡಿಗೂ ಚಕ್ರ ಇರ್ತದೆ. ಗಾಡಿ ಅಂದ್ರೆ ಎಂಜಿನ್ನು. ಅದು ನಾವು ಮಾಡದು."

ಸುತ್ತ ಇದ್ದವರೆಲ್ಲ ನಕ್ಕರು. ಅಲ್ಲಿಯವರೆಗೆ ಅವನೂ ನಾನೂ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದೆವು. ಮಾರನೆಯ ದಿನದಿಂದ ಮಾತು ಬಿಟ್ಟೆ. ಪುಟ್ಟತಾಯಿ ಹಳ್ಳಿಯಿಂದ ಬಂದವಳು, ಅವಳಿಗೆ ಅದೆಲ್ಲ ಅರ್ಥವಾಗಿರಲಿಲ್ಲ ಅಂದುಕೊಂಡಿದ್ದೇನೆ.

ಜೂನ್ 20, ಶುಕ್ರವಾರ

ಪಿಸ್ಟನ್ನಿನ ಮೇಲಿನ ಮಸಿಯನ್ನೆಲ್ಲ ಕೆರೆದು ಬೆಳ್ಳಿಲೋಟದ ಹಾಗೆ ತಿಕ್ಕಿದೆ. ಹೊಸ ರಿಂಗು ಹಾಕಿದೆ. ಸಿಲಿಂಡರ್ ಕೂರಿಸಿದೆ. ಸರ್ದಾರ್ಜಿ ಎರಡು ವಿಡಿಯೊದಲ್ಲಿ ಹೇಳಿದ್ದನ್ನು ಒಂದೇ ದಿನದಲ್ಲಿ ಮುಗಿಸಿದೆ. ಎಂಜಿನ್ ಎಂದರೆ ಇಷ್ಟೇನಾ? ಇದಕ್ಕೆ ಆ ಮನುಷ್ಯ ಅಷ್ಟು ಹಾರಾಡಿದನಾ?

ಜೂನ್ 22, ಭಾನುವಾರ

ಸಿಂಚನ ಫೋನು ಹಿಡಿದು ನಿಂತಿದ್ದಳು, ಮಕ್ಕಳಿಗೆ ತೋರಿಸಲು. ಟ್ಯಾಂಕಿಗೆ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿದೆ. ಯೆಜ್ಡಿಯಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಲಿವರು. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರು, ಕೆಳಗಿಳಿಸಿದರೆ ಗೇರು. ಅದನ್ನು ಅವಳ ಕ್ಯಾಮೆರಾಕ್ಕೆ ವಿವರಿಸಿ ಹೇಳಿ, ಒದ್ದೆ. ಒದ್ದೆ. ಮೂವತ್ತು ಸಲ ಒದ್ದಿರಬೇಕು. ಕಾರ್ಬುರೇಟರಿನ ಕಡೆಯಿಂದ ಸೀನಿತು. ಆಮೇಲೆ ಹತ್ತಿಕೊಂಡಿತು!

ಹತ್ತು ಎಣಿಸುವಷ್ಟು ಹೊತ್ತು ಓಡಿರಬಹುದು. ಒಳಗೆ ಟಕಟಕ ಅಂತು, ಏನೋ ಹರಿದ ಸದ್ದು ಬಂತು, ನಿಂತಿತು. ಮತ್ತೆ ಕಿಕ್ಕರು ಅಲ್ಲಾಡಲಿಲ್ಲ.

"ಏನಾಯ್ತಪ್ಪಾ?"

"ಏನಿಲ್ಲ. ಮೊದಲ ಸಲ ಅಲ್ವಾ, ಸೆಟ್ ಆಗ್ಬೇಕು."

ಅವಳು ಫೋನು ಕೆಳಗಿಳಿಸಿ ತಲೆಯಾಡಿಸಿದಳು. ನಂಬಿದಳು. ಅದೇ ಕಷ್ಟ, ನಾನು ಏನು ಹೇಳಿದರೂ ನಂಬುತ್ತಾಳೆ. ಸಂಜೆ ಬಿಚ್ಚಿ ನೋಡಿದೆ. ಹೊಸ ರಿಂಗು ಎರಡು ತುಂಡಾಗಿತ್ತು. ಸಿಲಿಂಡರಿನ ಒಳಗೋಡೆಯ ಮೇಲೆ ಉಗುರಿನಲ್ಲಿ ಗೀರಿದ ಹಾಗೆ ಗೆರೆ.

ಜೂನ್ 23, ಸೋಮವಾರ

ಇಪ್ಪತ್ತು ದಿನ.

ನಾನು ಕೇಳದೇ ಇದ್ದರೂ ಪುಟ್ಟತಾಯಿ ಹೇಳಿದಳು: "ಸಿದ್ದಲಿಂಗಸ್ವಾಮಿಯೋರು ಈಗ್ಲೂ ಸಿದ್ಧಾರ್ಥನಗರದಾಗೇ ಅವ್ರಂತೆ. ಮೈ ಉಸಾರಿಲ್ವಂತೆ."

ನಿನಗೆ ಯಾರು ಹೇಳಿದರು ಎಂದು ಕೇಳಿದರೆ, ಯಾರೋ ಹೇಳಿದರು ಅಂದಳು.

ಜೂನ್ 24, ಮಂಗಳವಾರ

ಹೋಗಿಬಂದೆ.

ಪಿಸ್ಟನ್ನು, ತುಂಡಾದ ರಿಂಗು ಎರಡನ್ನೂ ಹಳೆಯ ಟವೆಲಿನಲ್ಲಿ ಸುತ್ತಿ, ಎರಡು ಬಸ್ಸು ಬದಲಾಯಿಸಿ ಸಿದ್ಧಾರ್ಥನಗರಕ್ಕೆ ಹೋದೆ. ಗೇಟಿನ ಹತ್ತಿರ ನಿಂತು ವಾಪಸ್ ಬಂದುಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಅವನ ಸೊಸೆ ಶಾಲಿನಿ ನೋಡಿ ಒಳಗೆ ಕರೆದಳು. "ಮಾವನ್ನ ನೋಡೋಕೆ ಯಾರೂ ಬರಲ್ಲ ಅಂಕಲ್. ಅವರೂ ಹೊರಗೆ ಹೋಗಲ್ಲ" ಅಂದಳು.

ನಡುಮನೆಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ. ಜೂನ್ ತಿಂಗಳಲ್ಲಿ ಶಾಲು. ಸೊರಗಿದ್ದಾನೆ, ಮೀಸೆ ಮಾತ್ರ ಹಾಗೇ ಇದೆ.

"ಯಾರು?"

"ಮರಿಸ್ವಾಮಿ."

"ವೀಲ್ ಸೆಕ್ಷನ್ನಾ?"

"ಹೂಂ."

ಮೂವತ್ತೊಂದು ವರ್ಷಕ್ಕೆ ಇಷ್ಟೇ ಮಾತು. ಟವೆಲು ಬಿಚ್ಚಿ ಅವನ ಮುಂದಿಟ್ಟೆ. ಶಾಲಿನೊಳಗಿಂದ ಕೈ ಈಚೆ ತೆಗೆದ. ಆಗ ಗೊತ್ತಾಯಿತು. ಕೈ ಎರಡೂ ನಡುಗುತ್ತಿದ್ದವು, ನಿಲ್ಲುತ್ತಲೇ ಇರಲಿಲ್ಲ. ಪಿಸ್ಟನ್ನನ್ನು ಹಿಡಿದಾಗ ಅದು ಕುರ್ಚಿಯ ಕೈಗೆ ತಾಗಿ ಟಣಟಣ ಅಂತು. ನಾನು ಕ್ಯಾಲೆಂಡರ್ ನೋಡುತ್ತಾ ನಿಂತೆ.

"ಬಾಣ ನೋಡ್ದಾ?" ಅಂದ.

"ಯಾವ ಬಾಣ?"

"ಪಿಸ್ಟನ್ ತಲೆ ಮೇಲೆ ಬಾಣ ಕೆತ್ತವ್ರಲ್ಲೋ. ಅದು ಹೊಗೆ ಹೋಗೋ ಕಡೆಗಿರ್ಬೇಕು, ಮುಂದುಕ್ಕೆ. ನೀನು ಹಿಂದುಮುಂದಾಗಿ ಕೂರ್ಸಿದೀಯ. ರಿಂಗಿನ ತುದಿ ಕಿಂಡಿಗೆ ಸಿಕ್ಕಾಕ್ಕೊಂಡು ಮುರ್ದದೆ."

ನೋಡಿದೆ. ಬಾಣ ಇತ್ತು. ನಾನೇ ಬೆಳ್ಳಿಲೋಟದ ಹಾಗೆ ತಿಕ್ಕಿ ಹೊಳೆಸಿದ್ದೆ, ಅದು ಯಾಕಿದೆ ಎಂದು ಯೋಚಿಸಲೇ ಇಲ್ಲ. ಸಿಟ್ಟು, ನಾಚಿಕೆ ಎರಡೂ ಬಂದವು.

"ಚಕ್ರಕ್ಕೆ ಹಿಂದೆ ಮುಂದೆ ಅಂತ ಇರಲ್ಲ ಕಣೋ. ಎಂಗೆ ತಿರುಗಿಸಿದ್ರೂ ಒಂದೇ. ಹತ್ತು ವರ್ಷ ಅದೇ ಅಭ್ಯಾಸ" ಅಂದೆ.

ಅವನು ನಗಲು ಶುರುಮಾಡಿದ. ನಕ್ಕು ನಕ್ಕು ಕೆಮ್ಮು ಬಂತು. ಸೊಸೆ ನೀರು ತಂದಳು, ಮುಚ್ಚಳವಿದ್ದ ಲೋಟದಲ್ಲಿ. ಅವತ್ತು ಆಯುಧಪೂಜೆಯಲ್ಲಿ ನಕ್ಕಿದ್ದೂ ಇದೇ ನಗು, ಆದರೆ ಇವತ್ತು ಯಾಕೋ ನನಗೂ ನಗು ಬಂತು.

ಗೀರು ಬಿದ್ದ ಸಿಲಿಂಡರನ್ನು ಒಳಗಿಂದ ಕೊರೆಸಿ ಬೋರು ಹಾಕಿಸಬೇಕು, ದೊಡ್ಡ ಸೈಜಿನ ಪಿಸ್ಟನ್ ಹಾಕಬೇಕು ಅಂದ. ಎಲ್ಲಿ ಸಿಗುತ್ತದೆ ಎಂದೂ ಹೇಳಿದ. ಜೋಡಿಸಿ ಕೊಡು ಎಂದು ಕೇಳಲು ಹೋದೆ. ಅವನ ಕೈ ನೋಡಿ ಪಿಸ್ಟನ್ನನ್ನು ಮತ್ತೆ ಟವೆಲಿನಲ್ಲಿ ಸುತ್ತಿದೆ. ಅವನೇ, "ನಾ ಕೂತ್ಕೊಂಡು ಹೇಳ್ತೀನಿ, ನೀ ಮಾಡು" ಅಂದ.

ಜೂನ್ 27, ಶುಕ್ರವಾರ

ಆಷಾಢದ ಮೊದಲ ಶುಕ್ರವಾರ. ಪುಟ್ಟತಾಯಿ ನಾಲ್ಕು ಗಂಟೆಗೇ ಎದ್ದು ಚಾಮುಂಡಿ ಬೆಟ್ಟಕ್ಕೆ ಹೋದಳು. ನಾನು ಲೇತ್ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂತು ಬೋರು ಹಾಕುವುದನ್ನು ನೋಡಿದೆ. ಅಂಗಡಿಯ ಕಾಳಯ್ಯ, "ಯಾರು ಕಳ್ಸಿದ್ದು?" ಅಂದರು. ಸಿದ್ದಲಿಂಗಸ್ವಾಮಿ ಅಂದೆ. ಎದ್ದು ನಿಂತು ಕಾಫಿ ತರಿಸಿದರು.

ಜುಲೈ 2, ಬುಧವಾರ

ಸಿದ್ದಲಿಂಗ ನಮ್ಮ ಮನೆಗೆ ಬಂದ. ಶಾಲಿನಿ ಆಟೋದಲ್ಲಿ ಕರೆದುಕೊಂಡು ಬಂದು ಬಿಟ್ಟು ಹೋದಳು. ದಟ್ಟಗಳ್ಳಿಯ ನಮ್ಮ ಮನೆಯವರೆಗೂ ಬೈದುಕೊಂಡೇ ಬಂದನಂತೆ. ವರ್ಷದ ಮೇಲಾಯಿತಂತೆ ಮನೆ ಬಿಟ್ಟು. ಯಾವುದೋ ಮದುವೆಯಲ್ಲಿ ಊಟದ ಎಲೆಯ ಮೇಲೆಲ್ಲ ಪಾಯಸ ಚೆಲ್ಲಿಕೊಂಡನಂತೆ, ಎದುರು ಪಂಕ್ತಿಯಲ್ಲಿ ಕೂತಿದ್ದವರು ನಕ್ಕರಂತೆ. ಅವತ್ತಿನಿಂದ ಎಲ್ಲಿಗೂ ಹೋಗಿಲ್ಲ. ಇದನ್ನು ಶಾಲಿನಿ ಗೇಟಿನ ಹತ್ತಿರ ನನಗೆ ಮೆಲ್ಲಗೆ ಹೇಳಿದಳು.

ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟೆ. ಪುಟ್ಟತಾಯಿ ಹೊರಗೆ ಬಂದು, "ಚೆನ್ನಾಗಿದೀರಾ ಅಣ್ಣಾ?" ಅಂದಳು. ಕಾಫಿಯನ್ನು ದೊಡ್ಡ ಚೊಂಬಿನಲ್ಲಿ, ತಳದಲ್ಲಿ ಸ್ವಲ್ಪವೇ ಹಾಕಿ ಕೊಟ್ಟಳು. ಯಾರೂ ಅವಳಿಗೆ ಹೇಳಿರಲಿಲ್ಲ. ಅವನು ಎರಡು ಕೈಯಲ್ಲೂ ಹಿಡಿದು ಒಂದು ಹನಿ ಚೆಲ್ಲದೆ ಕುಡಿದ.

ಪಿಸ್ಟನ್ ಹಾಕಿದೆ. ಬಾಣ ಮುಂದಕ್ಕೆ. ಮೂರು ಸಲ ನೋಡಿದೆ, ನಾಲ್ಕನೆಯ ಸಲ ಅವನು ನೋಡಿಸಿದ.

ಜುಲೈ 3, ಗುರುವಾರ

ಸಿದ್ದಲಿಂಗ ಬಹಳ ಬೈಯುತ್ತಾನೆ. "ಬೋಲ್ಟನ್ನ ಹಂಗ್ ಬಿಗಿಯೋದಾ? ಎಮ್ಮೆ ಗೂಟುಕ್ಕೆ ಕಟ್ಟಿದಂಗೆ!" ಎದುರೆದುರು ಬೋಲ್ಟು ಸ್ವಲ್ಪ ಸ್ವಲ್ಪವೇ ಬಿಗಿಯಬೇಕಂತೆ. ಅದು ನನಗೆ ಗೊತ್ತಿರಲಿಲ್ಲವಾ? ಕಡ್ಡಿ ಬಿಗಿಯುವುದೂ ಹಾಗೇ. "ಹಂಗಾದ್ರೆ ಮೊದ್ಲೇ ಯಾಕ್ ಹೇಳ್ಲಿಲ್ಲ?" ಅಂದ. "ನೀನೆಲ್ಲಿ ಕೇಳ್ದೆ?" ಅಂದೆ.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ನಿದ್ದೆ ಚೆನ್ನಾಗಿ ಬಂತು.

ಜುಲೈ 6, ಭಾನುವಾರ

ಇವತ್ತಿಡೀ ದಿನ ಗ್ಯಾಸ್ಕೆಟ್ಟಿನದೇ ಗೋಳು. ಸಿಲಿಂಡರಿನ ಬುಡಕ್ಕೆ ಹಾಕುವ ಕಾಗದದ್ದು. ಅಂಗಡಿಯಲ್ಲಿ ಸಿಕ್ಕಿದ್ದು ತೆಳ್ಳಗಿತ್ತು, ಎಣ್ಣೆ ಜಿನುಗಿತು. ಸಿದ್ದಲಿಂಗ ಬೇಡ ಅಂದ. ದಪ್ಪ ಕಾಗದ ತಂದು, ಸಿಲಿಂಡರನ್ನು ಅದರ ಮೇಲಿಟ್ಟು ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಅಚ್ಚು ತೆಗೆದು, ಕತ್ತರಿಯಿಂದ ಕತ್ತರಿಸಬೇಕಂತೆ. ಎರಡು ಹಾಳಾದವು. ಮೂರನೆಯದು ಸರಿಯಾಯಿತು. ರಜೆ ಅಂತ ಸಿಂಚನ ಪಕ್ಕದಲ್ಲೇ ಕೂತು ಸ್ಪ್ಯಾನರು ಕೊಡುತ್ತಿದ್ದಳು. ಕಾರ್ಖಾನೇಲಿ ಒಂದು ಎಂಜಿನ್ ಜೋಡಿಸೋಕೆ ನಿಮಗೆ ಎಷ್ಟೊತ್ತು ಬೇಕಾಗಿತ್ತಪ್ಪಾ ಎಂದು ಕೇಳಿದಳು. ನಾನೆಲ್ಲಿ ಜೋಡಿಸ್ತಿದ್ದೆ, ನಾನು ವೀಲ್ ಸೆಕ್ಷನ್ನು, ಎಂಜಿನ್ನೆಲ್ಲ ಇವನ ಕೆಲಸ, ಆ ಗ್ಯಾಸ್ಕೆಟ್ ಕೊಡಮ್ಮ ಅಂದೆ. ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟಿದ್ದಳು, ಎರಡು ಸಲ ಕೇಳಬೇಕಾಯಿತು. ಗ್ರೀಸು ಸವರಿ ಕೂರಿಸಿದೆ. ಈಗ ಒಂದು ತೊಟ್ಟೂ ಜಿನುಗುವುದಿಲ್ಲ. ಅಂಗಡಿಯದಕ್ಕಿಂತ ನಮ್ಮದೇ ವಾಸಿ.

ಸಂಜೆ ಸಿಂಚನ ಯಾಕೋ ಚಕ್ರದ ಬಗ್ಗೆ ಬಹಳ ಪ್ರಶ್ನೆ ಕೇಳಿದಳು. ಕಡ್ಡಿ ಒಂದರ ಮೇಲೊಂದು ಅಡ್ಡ ಹಾಯುವುದು ಯಾಕೆ, ಒಂದು ಮುರಿದರೆ ಏನಾಗುತ್ತದೆ ಎಂದೆಲ್ಲ. ಹೇಳಿದೆ. ಕಡ್ಡಿ ತಟ್ಟಿ ಕೇಳಿಸಿದೆ. ಅವಳಿಗೂ ಒಳ್ಳೆ ಕಿವಿ ಇದೆ. ನಾಲ್ಕನೇ ಕಡ್ಡಿ ಸಡಿಲ ಎಂದು ತಾನೇ ಕಂಡುಹಿಡಿದಳು. ನಿಜಕ್ಕೂ ಸಡಿಲವಿತ್ತು!

ಜುಲೈ 8, ಮಂಗಳವಾರ

ಕಿಡಿ ಹಾರುವ ಹೊತ್ತು ಸರಿಮಾಡಿದೆವು. ಪಾಯಿಂಟು ಎಂದು ಎರಡು ಸಣ್ಣ ತುಣುಕು ಇರುತ್ತವೆ, ಅವು ಯಾವ ಕ್ಷಣ ಬಿಟ್ಟುಕೊಳ್ಳುತ್ತವೆ ಎಂದು ಹಿಡಿಯಬೇಕು. ನಡುವೆ ತೆಳ್ಳನೆಯ ಕಾಗದ ಇಟ್ಟು ಎಳೆಯುತ್ತಾ ಇರುವುದು, ಜಾರಿದ ಕ್ಷಣವೇ ಅದು. ಕಾರ್ಖಾನೆಯಲ್ಲಿ ಸಿಗರೇಟಿನ ಕಾಗದ ಇಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಸಿಗರೇಟೆಲ್ಲಿ? ಪುಟ್ಟತಾಯಿ ತನ್ನ ಪರ್ಸಿನಿಂದ ಹೋದ ಶುಕ್ರವಾರ ಬೆಟ್ಟಕ್ಕೆ ಹೋದ ಬಸ್ಸಿನ ಹೆಂಗಸರ ಉಚಿತ ಟಿಕೆಟು ತೆಗೆದು ಕೊಟ್ಟಳು. ಸರಿಯಾದ ದಪ್ಪ.

"ಚಾಮುಂಡಿನೇ ಕಳ್ಸವ್ಳೆ ಬುಡು" ಅಂದ ಸಿದ್ದ.

ಕೂಟಕ್ಕೆ ಬಾ ಎಂದು ಕರೆದೆ. ಮುಖ ತಿರುಗಿಸಿದ. "ಗಾಡಿ ಬರುತ್ತಲ್ಲ, ಸಾಕು. ನಾನ್ಯಾಕೆ?"

ಜುಲೈ 10, ಗುರುವಾರ

ಸ್ಟಾರ್ಟಾಯಿತು!

ಆರನೇ ಕಿಕ್ಕು. ಹೊಗೆ ಎದ್ದು ಪಕ್ಕದ ಮನೆಯವರು ಬೈದರು. ಸಿದ್ದ ಕುರ್ಚಿಯಲ್ಲೇ ತಲೆ ವಾರೆ ಮಾಡಿ ಕೇಳಿಸಿಕೊಂಡು, "ಕಾರ್ಬುರೇಟ್ರು ಸೂಜಿ ಒಸಿ ತಿರುಗ್ಸು. ಸಾಕು. ಬುಡು" ಅಂದ. ಅವನ ಕಣ್ಣಲ್ಲಿ ನೀರಿತ್ತು. ಹೊಗೆಗೆ ಅಂದ. ನಾನೂ ಹೊಗೆಗೆ ಅಂದೆ.

ಸಂಜೆ ಪುಟ್ಟತಾಯಿಯನ್ನು ಕೂರಿಸಿಕೊಂಡು ರಿಂಗ್ ರೋಡಿನವರೆಗೆ ಹೋಗಿಬಂದೆ. ಸೀರೆ ಸೆರಗು ಸುತ್ತಿಕೊಂಡು ಮೊದಲಿನ ಹಾಗೇ ಪಕ್ಕಕ್ಕೆ ಕೂತಳು. ದಾರಿಯಲ್ಲಿ ಕಿವಿಯ ಹತ್ತಿರ ಬಂದು ಹೇಳಿದಳು:

"ಅವತ್ತು ಕಾರ್ಖಾನೇಲಿ ಅಣ್ಣ ಅಂದಿದ್ದು ನಂಗೂ ಕೇಳುಸ್ತು ಕಣ್ರೀ. ಇಪ್ಪತ್ತ್ ವರ್ಸ ನಿಮ್ಮಿಂದೆ ಕುಂತಿದೀನಿ. ಕಾಡುದಾರೀಲೂ ಓಗಿದೀವಿ. ಒಂದ್ ದಿನಾನೂ ಚಕ್ರ ಅಲ್ಲಾಡ್ಲಿಲ್ಲ. ನಂಗೆ ಅಷ್ಟೇ ಬೇಕಾಗಿದ್ದಿದ್ದು."

ಗೇರು ಬದಲಾಯಿ‌ಸಿದೆ. ಇಷ್ಟು ಖುಷಿಯಾಗಿ ಎಷ್ಟು ವರ್ಷವಾಗಿತ್ತೋ.

ಜುಲೈ 13, ಭಾನುವಾರ

ಉದ್ದ ಬರೆಯಬೇಕು, ಇವತ್ತು ಮರೆಯಬಾರದು.

ಬೆಳಿಗ್ಗೆ ಸಿಂಚನ ತನ್ನ ಸ್ಕೂಟರಿನಲ್ಲಿ ಅವಳಮ್ಮನನ್ನು ಕೂರಿಸಿಕೊಂಡು ಮುಂದೆ ಹೋದಳು. ನಾನು ಹೇಳದೆ ಕೇಳದೆ ಸಿದ್ಧಾರ್ಥನಗರಕ್ಕೆ ಗಾಡಿ ತಿರುಗಿಸಿದೆ. ಗೇಟಿನ ಮುಂದೆ ನಿಲ್ಲಿಸಿ ಆಫ್ ಮಾಡದೆ ಕೂತೆ. ಆ ಸದ್ದಿಗೆ ಸಿದ್ದ ಬಾಗಿಲಿಗೆ ಬಂದ. "ಸೂಜಿ ಇನ್ನೂ ಒಸಿ ತಿರುಗ್ಬೇಕು" ಅಂದ. "ನಂಗೆ ಗೊತ್ತಾಗಲ್ಲ, ದಾರೀಲಿ ಕೇಳ್ಕೊಂಡು ಹೇಳು, ಹತ್ತು" ಅಂದೆ. ಶಾಲಿನಿ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು. ದಾರಿಯುದ್ದಕ್ಕೂ ನನ್ನ ಅಂಗಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ.

ಮೈದಾನದಲ್ಲಿ ನೂರು ಗಾಡಿಯಾದರೂ ಇದ್ದವು. ಸಿಂಚನ ಓಡಿಬಂದು ಹ್ಯಾಂಡಲಿಗೆ ಒಂದು ರಟ್ಟಿನ ಕಾರ್ಡು ಕಟ್ಟಿದಳು. ಕನ್ನಡಕ ಹಾಕಿಕೊಂಡು ಓದಿದೆ. 'ಚಕ್ರ: ಮರಿಸ್ವಾಮಿ. ಎಂಜಿನ್: ಸಿದ್ದಲಿಂಗಸ್ವಾಮಿ.' ಅವಳದೇ ದುಂಡು ಅಕ್ಷರ.

"ಯಾರಮ್ಮ ಹೇಳಿದ್ದು ನಿಂಗೆ?"

"ನೀವೇ ಅಲ್ವೇನಪ್ಪ? ಹೋದ ಭಾನುವಾರ. ವೀಲ್ ಸೆಕ್ಷನ್ನು, ಗ್ಯಾಸ್ಕೆಟ್ ಕೊಡು ಅಂದ್ರಲ್ಲ."

"ಮಕ್ಕಳಿಗೆ?"

"ಸೋಮವಾರನೇ ಹೇಳ್ದೆ. ನಮ್ಮಪ್ಪ ಗಾಡಿ ಮಾಡ್ಲಿಲ್ಲ, ಚಕ್ರ ಮಾಡಿದ್ರು ಅಂತ. ಎಲ್ಲರೂ ಸೈಕಲ್ ತಂದು ಲೈನಲ್ಲಿ ನಿಂತಿದಾರೆ, ಬೆಂಡ್ ತೆಗೆಸ್ಕೊಡಿ ಮಿಸ್ ಅಂತ."

ಮನೆಗೆ ಬಂದ ಮೇಲೆ ಈ ಪುಸ್ತಕದ ಜುಲೈ ಆರನೇ ತಾರೀಖು ತೆಗೆದು ನೋಡಿದೆ. ಹೌದು, ಬರೆದಿದೆ, ನನ್ನದೇ ಕೈಬರಹ. ಗ್ಯಾಸ್ಕೆಟ್ಟಿನ ನಡುವೆ ಒಂದೇ ಸಾಲು. ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಬಾಯಿಂದ ಈಚೆ ಬಿದ್ದಿದ್ದು ನನಗೇ ಕೇಳಿಸಿಲ್ಲ.

ಸನ್ಮಾನಕ್ಕೆ ನಮ್ಮಿಬ್ಬರ ಹೆಸರನ್ನೂ ಕೂಗಿದರು, ಅವನದನ್ನೂ ಸಿಂಚನ ಕೊಟ್ಟಿದ್ದಳಂತೆ. ನಾನು ಎದ್ದೆ. ಸಿದ್ದ ಏಳಲಿಲ್ಲ.

"ನಾ ಬರಲ್ಲ ಕಣೋ. ಹಣ್ಣಿನ ತಟ್ಟೆ ಕೈಗೆ ಕೊಡ್ತಾರೆ" ಅಂದ. ಕೈ ಎರಡನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ. "ಆ ಮಕ್ಕಳೆಲ್ಲ ನೋಡ್ತಾವೆ. ನೀ ಹೋಗು."

ಸ್ಟೇಜಿನ ಕಡೆಯಿಂದ ಮತ್ತೊಮ್ಮೆ ಕೂಗಿದರು. ಗಾಡಿಯನ್ನು ತಳ್ಳಿಕೊಂಡು ಬಂದು ಅವನ ಮುಂದೆಯೇ ಸ್ಟ್ಯಾಂಡ್ ಹಾಕಿದೆ. "ಸ್ಟೇಜು ಬೇಡ. ಇದ್ರ ಮೇಲೆ ಕೂತ್ಕೊ" ಅಂದೆ. ಕೂತ. ಹ್ಯಾಂಡಲ್ ಹಿಡಿದುಕೊಳ್ಳಲು ಹೇಳಿದೆ. ಒಂಬತ್ತನೇ ಕ್ಲಾಸು ಪೂರ್ತಿ ಫೋನು ಎತ್ತಿಕೊಂಡು ಸುತ್ತ ನಿಂತಿತ್ತು. ಪಕ್ಕದಲ್ಲಿ ನಿಂತು ಕಿಕ್ಕರು ಒದ್ದೆ. ಹತ್ತಲಿಲ್ಲ. ಇನ್ನೊಂದು ಒದ್ದೆ, ಇಲ್ಲ. ಒಂದೇ ಕಿಕ್ಕಿಗೆ ಎಂದು ಸಿಂಚನ ಬರೆದುಕೊಟ್ಟಿದ್ದು ನೆನಪಾಯಿತು. "ಚೋಕ್ ಎಳಿಯೋ" ಎಂದು ಸಿದ್ದ ಮೇಲಿನಿಂದ ಗದರಿದ. ಎಳೆದು ಒದ್ದೆ.

ಹತ್ತಿಕೊಂಡಿತು. ಯೆಜ್ಡಿ ನಿಂತಲ್ಲೇ ಓಡುವಾಗ ಸುಮ್ಮನಿರುವ ಗಾಡಿಯಲ್ಲ. ಕನ್ನಡಿ, ದೀಪ, ಮಡ್‌ಗಾರ್ಡು, ನಂಬರ್ ಪ್ಲೇಟು, ಸಿಂಚನ ಕಟ್ಟಿದ ಕಾರ್ಡು ಎಲ್ಲವೂ ಗಡಗಡ ಅಲುಗತೊಡಗಿದವು. ಸನ್ಮಾನ ಮಾಡುವವರು ಸ್ಟೇಜಿನಿಂದ ಇಳಿದು ಬಂದರು. ಅವನಿಗೂ ನನಗೂ ಶಾಲು ಹೊದಿಸಿ, ತಟ್ಟೆಯನ್ನು ಟ್ಯಾಂಕಿನ ಮೇಲಿಟ್ಟರು. ಸಿದ್ದ ಅದನ್ನು ಹಿಡಿದುಕೊಂಡ. ತಟ್ಟೆಯಲ್ಲಿ ಸೇಬು, ಮೂಸಂಬಿ, ಕಾಯಿ ಎಲ್ಲ ಕುಣಿಯುತ್ತಿದ್ದವು. ಮಕ್ಕಳು ಚಪ್ಪಾಳೆ ಹೊಡೆದರು. ಪುಟ್ಟತಾಯಿ ದೂರದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಸಿದ್ದ ತನ್ನ ಕೈಗಳನ್ನು ನೋಡಿದ. ಆಮೇಲೆ ನನ್ನನ್ನು ಕರೆದ.

"ಮರಿಸ್ವಾಮಿ, ನೋಡೋ ಇಲ್ಲಿ. ಎಲ್ಲಾ ನಡುಗ್ತಾ ಅದೆ. ಇದ್ರಾಗೆ ನಂದ್ಯಾವ್ದು ಅಂತಾನೇ ಗೊತ್ತಾಯ್ತಿಲ್ಲ."

ಸನ್ಮಾನದವರು ಬೇರೆ ಹೆಸರು ಕೂಗಲು ಹೋದರು. ಸದ್ದಿಗೆ ಮೈಕು ಕೇಳಿಸುತ್ತಿಲ್ಲ ಎಂದು ಯಾರೋ ಕೈಸನ್ನೆ ಮಾಡಿದರು.

"ಆಫ್ ಮಾಡ್ಲಾ?" ಎಂದು ಅವನನ್ನು ಕೇಳಿದೆ.

"ಇರ್ಲಿ ಬುಡು. ಇನ್ನೊಂದ್ ಸ್ವಲ್ಪೊತ್ತು."

ಟ್ಯಾಂಕಿನಲ್ಲಿ ಪೆಟ್ರೋಲ್ ಬೇಕಾದಷ್ಟಿತ್ತು. ನಾನೂ ಅವನ ಪಕ್ಕದಲ್ಲಿ ಹ್ಯಾಂಡಲಿನ ಮೇಲೆ ಕೈಯಿಟ್ಟುಕೊಂಡು ನಿಂತೆ.